ದುಡ್ಡು ಕೊಡುವುದಕ್ಕೆ ಎಷ್ಟು ಮಾತು!

ಕಡೂರು, ತರೀಕೆರೆ, ಅಜ್ಜಂಪುರ – ಈ ಮೂರು ಊರುಗಳ ಬ್ಯಾಂಕ್ ಕೌಂಟರಿನಲ್ಲಿ ಕೂತು ದುಡ್ಡು ಎಣಿಸಿದವನು ನಾನು. ದುಡ್ಡು ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಹಲವು ಪದಗಳಿವೆ. ಅವುಗಳ ಬೇರು ಹುಡುಕಿದರೆ ನನಗೆ ನಮ್ಮೂರುಗಳೇ ಕಾಣುತ್ತವೆ.

‘ಸ್ಪೆಂಡ್’ ಹುಟ್ಟಿದ್ದು ‘ತೂಗಿ ಕೊಡು’ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಹಿಂದೆ ಬೆಳ್ಳಿಯನ್ನು ತೂಗಿ ಬೆಲೆ ಕೊಡುತ್ತಿದ್ದರು. ಅಜ್ಜಂಪುರದ ರೈತ ಈರುಳ್ಳಿ ತೂಗಿಸುವಾಗ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ಖರ್ಚು ಮಾಡುವಾಗಲೂ ಹಾಗೇ ಇರಬೇಕು.

‘ಶೆಲ್ ಔಟ್’ ಎಂದರೆ ಮನಸ್ಸಿಲ್ಲದೆ ದುಡ್ಡು ಬಿಚ್ಚುವುದು. ಶೆಲ್ ಎಂದರೆ ಚಿಪ್ಪು. ಕಡೂರಿನ ಕಡೆ ಚಿಪ್ಪೊಡೆದು ಕೊಬ್ಬರಿ ತೆಗೆಯುವುದನ್ನು ನೋಡಿದ್ದೀರಾ? ಸುಲಭಕ್ಕೆ ಬಿಡುವುದಿಲ್ಲ!

‘ಪೇ’ ನನಗೆ ಎಲ್ಲಕ್ಕಿಂತ ಇಷ್ಟ. ಅದರ ಮೂಲಾರ್ಥ ‘ಸಮಾಧಾನಪಡಿಸು’. ಶಾಂತಿ ಎನ್ನುವ ‘ಪೀಸ್’ ಪದ ಅದರ ನೆಂಟ. ತರೀಕೆರೆಯಲ್ಲಿ ಅಡಿಕೆ ಬೆಳೆಗಾರರೊಬ್ಬರು ಸಾಲದ ಕೊನೆಯ ಕಂತು ಕಟ್ಟಿ, ರಸೀದಿ ಮಡಿಸಿ ಜೇಬಿಗಿಟ್ಟು, “ಸ್ವಾಮಿ, ಇವತ್ತು ನಿದ್ದೆ ಬರುತ್ತೆ” ಅಂದಿದ್ದರು. ಲ್ಯಾಟಿನ್ ಗೊತ್ತಿರಲಿಲ್ಲ, ಅರ್ಥ ಗೊತ್ತಿತ್ತು.

ಕನ್ನಡವೇನು ಕಡಿಮೆಯೇ? ಫೀಸು ಕಟ್ಟುತ್ತೇವೆ, ತೆರಿಗೆ ತೆರುತ್ತೇವೆ, ಹರಕೆ ಒಪ್ಪಿಸುತ್ತೇವೆ, ಸಾಲ ತೀರಿಸುತ್ತೇವೆ. ಲೆಕ್ಕವಿಲ್ಲದೆ ಹೋದದ್ದು ಮಾತ್ರ ಪೋಲು.

ಮಕ್ಕಳೇ, 2016ರಲ್ಲಿ ಯುಪಿಐ ಬಂದ ಮೇಲೆ ಫೋನಿಗೆ ಬೆರಳು ತಾಗಿಸಿದರೆ ದುಡ್ಡು ಹೋಗುತ್ತದೆ. ತಕ್ಕಡಿ ಕೈಯಲ್ಲಿಲ್ಲ, ಮನಸ್ಸಿನಲ್ಲಿರಲಿ. ಈ ವಾರ ಅಜ್ಜ ಅಜ್ಜಿಯನ್ನು ಕೇಳಿ ನೋಡಿ: ನೀವು ಕೊಟ್ಟ ಯಾವ ದುಡ್ಡು ನಿಮಗೆ ನೆಮ್ಮದಿಯ ನಿದ್ದೆ ತಂದಿತು?