ಮಗುವಿರುವ ಪ್ರಣಯಕಥೆ

ಪತಿಯನ್ನು ಕಳೆದುಕೊಂಡ ನಮ್ಮ ಮಗಳು ರಾತ್ರಿ ಹುಡುಗನನ್ನು ಮಲಗಿಸಿದ ಮೇಲೆ ಅಮೆರಿಕದ ಕಾದಂಬರಿಗಳನ್ನು ಓದುತ್ತಿದ್ದಳು. ಕಾಳಿದಾಸನನ್ನು ಬೋಧಿಸಿ ನಿವೃತ್ತರಾದ ನಮಗೆ ಅದು ಸರಿಬೀಳಲಿಲ್ಲ. "ಏನಮ್ಮಾ, ಇಂಥ ಹೊತ್ತುಗಳೆಯುವ ಓದೇಕೆ?" ಎಂದೆವು. ಅವಳು ಉತ್ತರ ಕೊಡದೆ ಪುಸ್ತಕವನ್ನು ನಮ್ಮ ಮುಂದಿಟ್ಟು ಒಳಕ್ಕೆ ಹೋದಳು.

ಲಿಜ್ ಟಾಮ್‌ಫೋರ್ಡ್ ಎಂಬಾಕೆ 2023ರಲ್ಲಿ ಪ್ರಕಟಿಸಿದ 'ಕಾಟ್ ಅಪ್' ಅದು. ನಾಯಕನು ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನು. ಎಳೆಯ ಮಗನನ್ನು ಒಬ್ಬನೇ ಸಾಕುತ್ತಿರುವನು. ಪಂದ್ಯಕ್ಕಾಗಿ ಊರೂರು ತಿರುಗಬೇಕು, ಕೂಸನ್ನು ಬಿಟ್ಟಿರಲಾರನು. ಅದನ್ನು ನೋಡಿಕೊಳ್ಳಲು ತರಬೇತುದಾರನ ಮಗಳು ಬರುವಳು. ಮುಂದಿನದನ್ನು ವಾಚಕರು ಊಹಿಸಬಲ್ಲರು. (ಕೆಲವು ಪುಟಗಳನ್ನು ನಾವು ಓದದೆ ಮಗುಚಿದೆವೆಂದು ಒಪ್ಪಿಕೊಳ್ಳುವೆವು.) ಮೈದಾನದಲ್ಲಿ ಸಾವಿರಾರು ಜನರು ಕೊಂಡಾಡುವ ತೋಳು ಮನೆಯಲ್ಲಿ ಒಂದು ಕೂಸನ್ನೆತ್ತಿ ದಣಿಯುವುದು, ಇಂಥ ಕಥೆಗಳ ರುಚಿಯಿರುವುದು ಅಲ್ಲಿ. ಒಲಿದು ಬರುವವರು ಮೊದಲು ಆ ಕೂಸಿಗೆ ಒಲಿಯಬೇಕು.

ಆಗ ನಮಗೆ ಶಾಕುಂತಲದ ಏಳನೆಯ ಅಂಕವು ನೆನಪಾಯಿತು. ತಂದೆಯ ಮುಖ ಕಾಣದೆ ಆಶ್ರಮದಲ್ಲಿ ಬೆಳೆದ ಸರ್ವದಮನನು ಸಿಂಹದ ಮರಿಯ ಬಾಯಿ ತೆರೆಸಿ ಹಲ್ಲೆಣಿಸ ಹೊರಟಿರುವನು. ದುಷ್ಯಂತನು ಅಲ್ಲಿ ಮೊದಲು ಕಾಣುವುದು ಶಕುಂತಲೆಯನ್ನಲ್ಲ, ಈ ಆಟವನ್ನು. ತನ್ನ ಮಗನೆಂದರಿಯುವ ಮೊದಲೇ ಅವನ ಮನಸ್ಸು ಕರಗುವುದು. ಮೂವತ್ತು ವರ್ಷ ಇದನ್ನು ಪಾಠ ಹೇಳಿದೆವು. ಸಮಾಸಗಳನ್ನು ಬಿಡಿಸಿದೆವು, ಅಲಂಕಾರಗಳನ್ನು ಹೆಸರಿಸಿದೆವು. ಒಂಟಿಯಾಗಿ ಮಗುವನ್ನು ಬೆಳೆಸಿದವಳ ಆ ವರ್ಷಗಳು ಹೇಗೆ ಕಳೆದುವೆಂದು ಒಬ್ಬ ವಿದ್ಯಾರ್ಥಿಯನ್ನೂ ಕೇಳಲಿಲ್ಲ, ಮಗಳನ್ನೂ ಕೇಳಿರಲಿಲ್ಲ.

ಈಗ ಹುಡುಗನನ್ನು ಮಲಗಿಸುವ ಕೆಲಸ ನಮ್ಮದು. ಅವಳಿಗೆ ಓದಲು ಒಂದು ಗಂಟೆ ಹೆಚ್ಚು ಸಿಕ್ಕುತ್ತಿದೆ.