ಹಿಂದಿನ ಬೆಂಚಿನ ಗಂಡಸರು

ಯಾವ ಸಮಾರಂಭವನ್ನೇ ನೋಡಿ, ಹೆಂಗಸರು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ, ಮಕ್ಕಳು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟಿರುತ್ತಾರೆ, ಗಂಡಸರು ಮಾತ್ರ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ತುಟ್ಟಿಭತ್ಯೆಯ ವಿಚಾರ ಮಾತಾಡುತ್ತಿರುತ್ತಾರೆ. ನಮ್ಮ ಸಂಘದ ರಾಜ್ಯೋತ್ಸವದಲ್ಲಿಯೂ ಇದೇ ಕಥೆ. ಅಧ್ಯಕ್ಷೀಯ ಭಾಷಣ ಮುಗಿಯುವ ಹೊತ್ತಿಗೆ ಸರಿಯಾಗಿ ಒಳಗೆ ಬಂದು ಊಟದ ಪಂಕ್ತಿಗೆ ನಿಲ್ಲುವ ಕಲೆ ನಮ್ಮ ಗಂಡಸರಿಗೆ ಹುಟ್ಟಿನಿಂದಲೇ ಬಂದಿದೆ. ವಾಚಕರು ಮುನಿಯಬಾರದು, ನಾವೂ ಆ ಜಾತಿಗೇ ಸೇರಿದವರು.

ನಮ್ಮದು ಕೇಂದ್ರ ಸರ್ಕಾರದ ಗುಮಾಸ್ತಿಕೆ. ಧಾರವಾಡದಲ್ಲಿ ಬಿ.ಎಸ್‌ಸಿ. ಮಾಡಿ, ರಸಾಯನಶಾಸ್ತ್ರವನ್ನು ಅಲ್ಲಿಯೇ ಬಿಟ್ಟು, ಕಡತಗಳ ಬೆನ್ನು ಹತ್ತಿ ಪುಣೆಯ ಕಡೆಗೆ ಬಂದೆವು. ನಗರದ ಬಾಡಿಗೆಗೆ ಅಂಜಿ ತಳೇಗಾಂವ ದಾಭಾಡೆಯಲ್ಲಿ ಮನೆ ಹಿಡಿದು, ದಿನವೂ ಲೋಣಾವಳಾ ಲೋಕಲ್ಲಿನಲ್ಲಿ ಓಡಾಡುತ್ತೇವೆ. ಮರಾಠರ ಸೇನಾಪತಿಗಳಾಗಿದ್ದ ದಾಭಾಡೆಯವರ ಊರು ಇದು. ಜನರಿಂದ ಒಂದೊಂದು ಪೈಸೆ ಕೂಡಿಸಿ ೧೯೦೮ರಲ್ಲಿ ಪೈಸಾ ಫಂಡಿನ ಗಾಜಿನ ಕಾರ್ಖಾನೆ ಕಟ್ಟಿದ್ದೂ ಇಲ್ಲಿಯೇ. ಪೈಸೆಯಿಂದ ಕಾರ್ಖಾನೆ ಎದ್ದ ಊರಿನಲ್ಲಿ ಇದ್ದುಕೊಂಡು ಸಣ್ಣ ಸಂಖ್ಯೆಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ.

ನಮ್ಮ ಮನೆತನ ಬಾಸೆಲ್ ಮಿಶನ್ನಿನದು. ಆ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ, ೧೮೩೭ರಲ್ಲಿ ಧಾರವಾಡಕ್ಕೆ ಬಂದವರು. ತಳೇಗಾಂವದಲ್ಲಿ ನಮಗೆ ಹತ್ತಿರವಾಗಿ ಸಿಕ್ಕಿದ್ದು ಬ್ಯಾಪ್ಟಿಸ್ಟ್ ಸಂಪ್ರದಾಯದ ಒಂದು ಪುಟ್ಟ ಸಭೆ. ತಗಡಿನ ಛಾವಣಿ, ಹನ್ನೆರಡು ಬೆಂಚು, ಒಂದು ಹಾರ್ಮೋನಿಯಮ್. ಉಪದೇಶ ಮರಾಠಿಯಲ್ಲಿ, ಹಾಡು ಮರಾಠಿ, ಕನ್ನಡ, ಹಿಂದಿ ಮೂರರಲ್ಲಿ. ಬೆಳಗಾವಿ, ಗದಗ-ಬೆಟಗೇರಿ, ಬೀದರಿನ ಕಡೆಯಿಂದ ಕಾರ್ಖಾನೆಗಳಿಗೆಂದು ಬಂದ ಏಳೆಂಟು ಕನ್ನಡ ಕುಟುಂಬಗಳು ಇಲ್ಲಿವೆ.

ಬ್ಯಾಪ್ಟಿಸ್ಟರ ವಿಷಯ ತಿಳಿಯದ ವಾಚಕರಿಗಾಗಿ ಎರಡು ಮಾತು. ಇವರಲ್ಲಿ ಹಸುಗೂಸಿನ ತಲೆಯ ಮೇಲೆ ನೀರು ಹಾಕುವ ಪದ್ಧತಿಯಿಲ್ಲ. ತಿಳಿವಳಿಕೆ ಬಂದ ಮೇಲೆ, ತಾನಾಗಿ ಒಪ್ಪಿದವನನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಇನ್ನೊಂದು, ಇವರ ಸಭೆಗೆ ಮೇಲಿನಿಂದ ಆಜ್ಞೆ ಕೊಡುವ ಬಿಷಪ್ಪರಿಲ್ಲ. ಸದಸ್ಯರೇ ಕುಳಿತು, ಕೈಯೆತ್ತಿ, ಪಾಲಕರನ್ನು ಆರಿಸುವುದರಿಂದ ಹಿಡಿದು ಬಲ್ಬು ಕೊಳ್ಳುವವರೆಗೆ ತೀರ್ಮಾನಿಸಬೇಕು. ಕೇಳಲು ಚೆನ್ನಾಗಿದೆ. ಆದರೆ ಸದಸ್ಯರಲ್ಲಿ ಅರ್ಧದಷ್ಟು ಜನ ಬಾಗಿಲಾಚೆ ನಿಂತರೆ ಕೈಯೆತ್ತುವವರು ಯಾರು?

ಇವರ ಮಿಶನ್ ಹುಟ್ಟಿದ್ದೂ ಒಂದು ಸಣ್ಣ ಕೋಣೆಯಲ್ಲಿಯೇ. ೧೭೯೨ರ ಅಕ್ಟೋಬರ್ ೨ರಂದು ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನಲ್ಲಿ, ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ ಹನ್ನೆರಡು ಹದಿನಾಲ್ಕು ಮಂದಿ ಗಂಡಸರು ಕೂಡಿ ೧೩ ಪೌಂಡು ೨ ಶಿಲ್ಲಿಂಗು ೬ ಪೆನ್ಸು ಕೊಡುವುದಾಗಿ ಬರೆದುಕೊಂಡರು. ಆ ಗುಂಪಿನಲ್ಲಿದ್ದ ವಿಲಿಯಂ ಕೇರಿ ಕಸುಬಿನಿಂದ ಚಮ್ಮಾರ. ಮರುವರ್ಷವೇ ಬಂಗಾಳಕ್ಕೆ ಬಂದು, ಮುಂದೆ ಶ್ರೀರಾಮಪುರದಲ್ಲಿ ಮುದ್ರಣಾಲಯ ನಡೆಸಿ, ೧೮೧೭ರಲ್ಲಿ ನಮ್ಮ ಕರ್ಣಾಟ ಭಾಷೆಗೂ ಒಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ. ಹದಿಮೂರು ಪೌಂಡಿನ ಲೆಕ್ಕ ಕನ್ನಡ ವ್ಯಾಕರಣದವರೆಗೆ ಬಂತಲ್ಲ ಎಂದು, ಲೆಕ್ಕ ಬರೆಯುವ ನಮಗೆ ಈ ವಿಷಯದಲ್ಲಿ ವಿಶೇಷ ಪ್ರೀತಿ.

ಇನ್ನು ನಮ್ಮ ಸಭೆಯ ಸಂಗತಿ. ಸ್ತ್ರೀಯರ ಸಂಘ ಮೊದಲಿನಿಂದಲೂ ಗಟ್ಟಿ. ಬುಧವಾರದ ಪ್ರಾರ್ಥನೆ, ಬಾಣಂತಿಯರ ಮನೆಗೆ ಊಟ, ಕ್ರಿಸ್ಮಸ್ಸಿನ ಕರಜಿಕಾಯಿ, ಎಲ್ಲವೂ ಅವರದೇ. ಪುರುಷರ ಕೂಟ ಎಂಬುದು ವಾರ್ಷಿಕ ವರದಿಯಲ್ಲಿ ಒಂದು ಸಾಲಾಗಿ ಮಾತ್ರ ಇತ್ತು. ಪಾಲಕರು ಒಳ್ಳೆಯ ಮನುಷ್ಯರು. ಭಾನುವಾರ ಬೆಳಿಗ್ಗೆ ಏಳಕ್ಕೆ ಕೂಟ ಕರೆದು, ಚೀಟಿ ಅಚ್ಚು ಹಾಕಿಸಿ ಹಂಚಿದರು. ಮೊದಲ ವಾರ ಒಂಬತ್ತು ಜನ, ಎರಡನೆಯ ವಾರ ನಾಲ್ಕು, ಮೂರನೆಯ ವಾರ ಪಾಲಕರು ಮತ್ತು ನಾವು. ನಾವಿಬ್ಬರೇ ಒಬ್ಬರಿಗೊಬ್ಬರು ಉಪದೇಶ ಮಾಡಿಕೊಂಡು ಉಪ್ಪಿಟ್ಟು ತಿಂದು ಬಂದೆವು.

ಬೆಟಗೇರಿಯ ಒಬ್ಬ ಹಿರಿಯರಿದ್ದರು. ಎಲ್ಲರಿಗೂ ಕಾಕಾ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಒಂದು ಸೊಸಾಯಿಟಿಯಲ್ಲಿ ರಾತ್ರಿ ಪಾಳಿಯ ಕಾವಲಿಗಿದ್ದರು; ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಆರಾಧನೆಗೆ ಬಂದು ಕಡೆಯ ಬೆಂಚಿನಲ್ಲಿ ಕೂರುವರು, ಆಶೀರ್ವಾದಕ್ಕೆ ಮೊದಲೇ ಎದ್ದು ಹೋಗುವರು. ಕೂಟಕ್ಕೆ ಬನ್ನಿರೆಂದು ನಾವು ಕರೆದಾಗ ಅವರು ಅಂದದ್ದು ಇಷ್ಟು: "ಅಲ್ರೀ ಸಾಹೇಬ್ರ, ಅಲ್ಲಿ ಬಂದು ನಾ ಏನ್ ಮಾಡ್ಲಿ? ಓದಾಕ ಬರೂದಿಲ್ಲ, ಮಾತಾಡಾಕ ಬರೂದಿಲ್ಲ. ಏನರೆ ಕೆಲಸ ಇದ್ರ ಹೇಳ್ರಿ, ಬರ್ತೀನಿ."

ಒಂದು ಮಳೆಗಾಲದ ಮಂಗಳವಾರ ಕಾಕಾ ತೀರಿಕೊಂಡರು. ಸುದ್ದಿ ಬಂದಾಗ ಸಭೆಯ ಗಂಡಸರೆಲ್ಲ ಪಾಳಿಯಲ್ಲಿದ್ದರು. ಚಾಕಣದಲ್ಲಿ ಕೆಲವರು, ಎಂ.ಐ.ಡಿ.ಸಿ.ಯಲ್ಲಿ ಕೆಲವರು, ಫೋನು ಒಳಗೆ ಒಯ್ಯಲು ಬಿಡದ ಕಾರ್ಖಾನೆಗಳೂ ಇವೆ. ನಾವು ಅರ್ಧ ದಿನದ ರಜೆ ಹಾಕಿ ಲೋಕಲ್ ಹಿಡಿದು ಬರುವ ಹೊತ್ತಿಗೆ ಸ್ತ್ರೀಯರ ಸಂಘದವರು ಮನೆ ತುಂಬಿದ್ದರು. ಆದರೆ ಪೆಟ್ಟಿಗೆಗೆ ಹೆಗಲು ಕೊಡಲು ಪಾಲಕರು, ನಾವು ಮತ್ತು ಒಬ್ಬ ಕಾಲೇಜು ಹುಡುಗ, ಹೀಗೆ ಮೂವರು. ಪೆಟ್ಟಿಗೆಗೆ ಆರು ಜನ ಬೇಕು. ಕಾಕಾ ಇದ್ದ ಓಣಿಯಲ್ಲಿ ವಾರಕರಿಗಳ ಒಂದು ಭಜನಿ ಮಂಡಳಿಯಿದೆ. ಕರೆಯದೆಯೇ ಅವರು ಹನ್ನೆರಡು ಮಂದಿ ಬಂದು ನಿಂತಿದ್ದರು, ಬಿಳಿ ಟೊಪ್ಪಿಗೆ, ಮಳೆಯಲ್ಲಿ ತೊಯ್ದ ಅಂಗಿ. ಒಬ್ಬರು ಮುಂದೆ ಬಂದು ಮೆಲ್ಲಗೆ ಕೇಳಿದರು: "ತುಮಚ್ಯಾಕಡೇ ಟಾಳ ಚಾಲತಾತ ಕಾ?" ನಿಮ್ಮಲ್ಲಿ ತಾಳ ನಡೆಯುತ್ತದೆಯೇ ಎಂದು. ಪಾಲಕರು ತಲೆಯಾಡಿಸಿದರು. ನಮ್ಮ ಹೆಂಗಸರು ಕನ್ನಡ ಸಂಗೀತ ಹಾಡಿದರು, ಅವರು ಅದಕ್ಕೆ ತಾಳ ಹಾಕಿದರು, ಅವರ ಹೆಗಲ ಮೇಲೆಯೇ ಕಾಕಾ ಸ್ಮಶಾನಕ್ಕೆ ಹೋದರು.

ನಮ್ಮ ಮನಸ್ಸು ಆ ದಿನ ಬಹಳ ಕಲಕಿತು. ತಳೇಗಾಂವದಿಂದ ಚಾಕಣದ ದಾರಿಯಲ್ಲಿ ಇಂದೋರಿ, ಅದರಾಚೆ ತುಕಾರಾಮರು ಕುಳಿತು ಧ್ಯಾನಿಸಿದ ಭಂಡಾರಾ ಗುಡ್ಡ, ಇಂದ್ರಾಯಣಿಯ ದಡದಲ್ಲಿ ಅವರ ದೇಹೂ. ಈ ಸುತ್ತಿನಲ್ಲಿ ಯಾವ ಹಳ್ಳಿಗೆ ಹೋದರೂ ಏಕಾದಶಿಯ ರಾತ್ರಿ ಗಂಡಸರು ಗುಡಿಯಲ್ಲಿ ಸೇರುತ್ತಾರೆ. ಯಾರೂ ಚೀಟಿ ಹಂಚುವುದಿಲ್ಲ. ಏಕೆ ಬರುತ್ತಾರೆ? ಭಕ್ತಿ ಎನ್ನುವುದು ಸರಿ, ಆದರೆ ಭಕ್ತಿ ನಮ್ಮವರಿಗೂ ಇದೆ. ನಮಗೆ ತೋರಿದ್ದೆಂದರೆ, ಅಲ್ಲಿ ಬಂದವನ ಕೈಗೆ ಒಂದು ಜೊತೆ ತಾಳ ಕೊಡುತ್ತಾರೆ. ಸಾಲಿನಲ್ಲಿ ನಿಂತವನು ಹಾಡದಿದ್ದರೂ ಬಾರಿಸಬೇಕು. ಅವನು ಬಾರದಿದ್ದರೆ ಸಾಲಿನಲ್ಲಿ ಹಲ್ಲು ಬಿದ್ದಂತೆ ಕಾಣುತ್ತದೆ. ನಮ್ಮಲ್ಲಿ ಬಂದವನಿಗೆ ಕುರ್ಚಿ ಕೊಟ್ಟು ಸುಮ್ಮನೆ ಕೇಳಿಸಿಕೋ ಎನ್ನುತ್ತೇವೆ.

ಇದನ್ನು ನೂರು ವರ್ಷ ಹಿಂದೆಯೇ ಕಂಡವರೊಬ್ಬರು ಮಹಾರಾಷ್ಟ್ರದಲ್ಲಿ ಆಗಿಹೋಗಿದ್ದಾರೆ. ಮರಾಠಿಯ ಕವಿ ನಾರಾಯಣ ವಾಮನ ಟಿಳಕರು ೧೮೯೫ರಲ್ಲಿ ಕ್ರೈಸ್ತರಾದವರು. ತಾವು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮರ ಸೇತುವೆಯ ಮೇಲಿಂದ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಹೇಳುತ್ತಿದ್ದರು. ಭಜನೆ, ಕೀರ್ತನೆಗಳನ್ನು ಕ್ರೈಸ್ತ ಆರಾಧನೆಗೆ ತಂದರು. ೧೯೧೭ರಲ್ಲಿ ಮಿಶನ್ನಿನ ಸಂಬಳ ಬಿಟ್ಟು 'ದೇವಾಚಾ ದರಬಾರ' ಎಂಬ ಕೂಟ ಕಟ್ಟಲು ಹೊರಟರು, ೧೯೧೯ರಲ್ಲಿ ತೀರಿಕೊಂಡರು. ಸಂಬಳ ಬಿಡುವ ಧೈರ್ಯ ನಮ್ಮಂಥ ಗುಮಾಸ್ತರಿಗೆ ಎಲ್ಲಿಂದ ಬರಬೇಕು? ತಾಳದ ಮಾತನ್ನಷ್ಟೇ ಅವರಿಂದ ತೆಗೆದುಕೊಂಡೆವು.

ಮೊದಲು ಮಾಡಿದ ಕೆಲಸ ಬಹಳ ನೀರಸವಾದದ್ದು. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಸಭೆಯ ಇಪ್ಪತ್ತಾರು ಗಂಡಸರ ಹೆಸರು, ಫೋನು, ಪಾಳಿ, ವಾರದ ರಜೆ ಬರೆದೆವು. ಬರೆದಾಗ ಗೊತ್ತಾಯಿತು, ಪಿಂಪರಿ-ಚಿಂಚವಡದ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ಬಹಳ ಮಂದಿಗೆ ರಜೆ ಗುರುವಾರ. ಭಾನುವಾರ ಬೆಳಿಗ್ಗೆ ಏಳಕ್ಕೆ ಒಬ್ಬ ಮೊದಲ ಪಾಳಿಯಲ್ಲಿ ಯಂತ್ರದ ಮುಂದಿರುತ್ತಾನೆ, ಇನ್ನೊಬ್ಬ ರಾತ್ರಿ ಪಾಳಿ ಮುಗಿಸಿ ಹಾಸಿಗೆಗೆ ಬೀಳುತ್ತಿರುತ್ತಾನೆ. ಕೂಟವನ್ನು ಗುರುವಾರ ಸಂಜೆ ಏಳೂವರೆಗೆ ಇಟ್ಟೆವು. ಕಚೇರಿಯವರು ಲೋಕಲ್ ಇಳಿದು ನೇರ ಬರಬಹುದು. ಪುಸ್ತಕದಲ್ಲಿ ಇನ್ನೊಂದು ಪುಟ: ಸಾವು, ಆಸ್ಪತ್ರೆ, ರಕ್ತ ಬೇಕಾದಾಗ ಯಾವ ವಾರ ಯಾರು ಬಿಡುವಾಗಿರುತ್ತಾರೆಂಬ ಪಟ್ಟಿ. ತಲೆಗೆ ಐವತ್ತು ರೂಪಾಯಿ ಚಂದಾ. ಪ್ರಾರ್ಥನೆ ಹತ್ತು ನಿಮಿಷ, ವಾಕ್ಯ ಹತ್ತು ನಿಮಿಷ, ಉಳಿದದ್ದು ಕೆಲಸ.

ಕೆಲಸಕ್ಕೇನು ಕೊರತೆ? ಮೊದಲನೆಯದು ದೀಕ್ಷಾಸ್ನಾನದ ತೊಟ್ಟಿ. ವೇದಿಕೆಯ ಹಲಗೆ ಎತ್ತಿದರೆ ಕೆಳಗೆ ಸಿಮೆಂಟಿನ ತೊಟ್ಟಿಯಿದೆ. ಎರಡು ಮೀಟರು ಉದ್ದ, ಒಂದೂಕಾಲು ಅಗಲ, ನೀರು ಒಂದು ಮೀಟರು. ಬಿ.ಎಸ್‌ಸಿ.ಯ ಉಪಯೋಗ ಆಯಿತೆನ್ನಿ: ೨೫೦೦ ಲೀಟರು, ಹದಿನೈದು ಲೀಟರಿನ ಬಕೀಟಿನಿಂದ ೧೬೭ ಸಲ. ನಳದಲ್ಲಿ ನೀರಿನ ಒತ್ತಡವಿಲ್ಲ. ಟ್ಯಾಂಕರು ಗಲ್ಲಿಯ ಬಾಯಿಗೆ ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಹದಿನಾಲ್ಕು ಗಂಡಸರು ಸಾಲಾಗಿ ನಿಂತು ಬಕೀಟು ಕೈಯಿಂದ ಕೈಗೆ ದಾಟಿಸಿದೆವು. ಪಾಚಿ ಉಜ್ಜಲು ತೊಟ್ಟಿಗೆ ಇಳಿದವರು ಇಬ್ಬರು: ನಾವು ಮತ್ತು ಬೀದರ ಕಡೆಯ ಒಬ್ಬ ತರುಣ. ಆತ ಉಜ್ಜುತ್ತ ಉಜ್ಜುತ್ತ, ನಮ್ಮ ಮುಖ ನೋಡದೆ, "ಅಣ್ಣಾರ, ಕೆಲಸ ಹೋಗಿ ಮೂರು ತಿಂಗಳಾತ್ರಿ. ಮನ್ಯಾಗ ಹೇಳಿಲ್ಲ. ದಿನಾ ಡಬ್ಬಿ ತಗೊಂಡು ಸ್ಟೇಶನ್ನಿಗೆ ಹೋಗಿ ಕುಂದರ್ತೀನಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಕುಡಿಯೂದೂ ಚಾಲೂ ಆಗೇದ" ಎಂದ.

ಕುರ್ಚಿ ಹಾಕಿ ಕುಳ್ಳಿರಿಸಿ, 'ನಿಮ್ಮ ಕಷ್ಟಗಳನ್ನು ಹಂಚಿಕೊಳ್ಳಿ' ಎಂದಿದ್ದರೆ ಆತ ಆ ಮಾತು ಆಡುತ್ತಿರಲಿಲ್ಲ, ಇದನ್ನು ನಾವು ಪಣಕಟ್ಟಿ ಹೇಳುತ್ತೇವೆ. ಗಂಡಸಿನ ಬಾಯಿಯ ಕೀಲಿ ಅವನ ಕೈಯಲ್ಲಿದೆ. ಕೈ ಆಡತೊಡಗಿದರೆ ಬಾಯಿ ತೆರೆಯುತ್ತದೆ. ಆ ರಾತ್ರಿ ನಾವೂ ಇನ್ನೊಬ್ಬರೂ ಅವನ ಜೊತೆಗೆ ಮನೆಗೆ ಹೋದೆವು. ಹೆಂಡತಿಗೆ ಹೇಳಿದ್ದು ಅವನೇ. ನಾವು ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದೆವು. ಆಕೆ ಅತ್ತಳು, ಆಮೇಲೆ, "ಡಬ್ಬಿ ಊಟ ಪೂರ್ತಿ ಉಳೀತಿತ್ತು, ನನಗ ಮೊದಲಽ ಗೊತ್ತಿತ್ತು" ಎಂದಳು. ಐದು ವಾರದ ಮೇಲೆ ಸಭೆಯವರೊಬ್ಬರ ಮೂಲಕ ಬೇರೊಂದು ಕಡೆ ಗುತ್ತಿಗೆ ಕೆಲಸ ಸಿಕ್ಕಿತು. ಕುಡಿತ ಪೂರ್ತಿ ಬಿಟ್ಟಿತೆಂದು ನಾವು ಬರೆಯಲಾರೆವು. ಗುರುವಾರ ಕುಡಿಯುವುದಿಲ್ಲ, ಸದ್ಯಕ್ಕೆ ಅಷ್ಟು.

ಗುಮಾಸ್ತಿಕೆಯೂ ಕೆಲಸಕ್ಕೆ ಬಂತು. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣ ಪತ್ರ ಕೊಡಬೇಕೆಂಬುದು ವಾಚಕರಿಗೆ ಗೊತ್ತಿದ್ದದ್ದೇ. ೧೯೯೫ರ ನೌಕರರ ಪಿಂಚಣಿ ಯೋಜನೆಯವರಿಗೂ ವರ್ಷಕ್ಕೊಮ್ಮೆ ಇದು ತಪ್ಪದು. ಆ ಯೋಜನೆಯ ಕನಿಷ್ಠ ಪಿಂಚಣಿ ೨೦೧೪ರಲ್ಲಿ ಸಾವಿರ ರೂಪಾಯಿ ಎಂದು ಗೊತ್ತಾಯಿತು, ಆ ಸಾವಿರವನ್ನೇ ನೆಚ್ಚಿಕೊಂಡವರು ನಮ್ಮಲ್ಲಿದ್ದಾರೆ. ೨೦೧೪ರಿಂದ ಬೆರಳಚ್ಚಿನ ಜೀವನ ಪ್ರಮಾಣ ಬಂದಿದೆ. ಆದರೆ ಮೂವತ್ತು ವರ್ಷ ಲೇತ್ ಯಂತ್ರಕ್ಕೆ ಕೈಯೊಡ್ಡಿದವರ ಬೆರಳಿನ ಗೆರೆ ಸವೆದುಹೋಗಿರುತ್ತವೆ; ಯಂತ್ರ ಅವರನ್ನು ಗುರುತಿಸುವುದೇ ಇಲ್ಲ. ಒಬ್ಬ ಹಿರಿಯರು ಮೂರು ಸಲ ತಿರುಗಿ ಬಂದು, ಬೆರಳು ತೋರಿಸಿ, "ದುಡಿದದ್ದಕ್ಕ ಇದೊಂದು ದಂಡ ನೋಡ್ರಿ" ಎಂದರು. ೨೦೨೧ರ ನವೆಂಬರಿನಲ್ಲಿ ಮೊಬೈಲಿನಲ್ಲಿ ಮುಖ ತೋರಿಸಿ, ಕಣ್ಣು ಮಿಟುಕಿಸಿ ಪ್ರಮಾಣ ಕೊಡುವ ಸೌಕರ್ಯ ಬಂತು. ಈಗ ಗುರುವಾರಗಳಂದು ನಮ್ಮ ಹುಡುಗರು ಹಿರಿಯರನ್ನು ಟ್ಯೂಬ್‌ಲೈಟಿನ ಕೆಳಗೆ ಕುಳ್ಳಿರಿಸಿ, "ಕಾಕಾ, ಕಣ್ಣು ಮುಚ್ಚಿ ತಗೀರಿ" ಎನ್ನುತ್ತಾರೆ. ನಗುವೋ ನಗು. ಭಜನಿ ಮಂಡಳಿಯ ಇಬ್ಬರೂ ಇಲ್ಲಿಯೇ ಬಂದು ಮಾಡಿಸಿಕೊಂಡು ಹೋದರು.

ಇದನ್ನೆಲ್ಲ ಬರೆದು ಮನೆಯವರಿಗೆ ಓದಿ ತೋರಿಸಿದೆವು. "ಒಂದು ತೊಟ್ಟಿ ತೊಳದ್ರ ನೀವು ಪತ್ರಿಕೆಗೆ ಬರೀತೀರಿ. ಇಪ್ಪತ್ತು ವರ್ಷ ನಾವು ನೆಲ ಒರಸೇವಿ, ಒಂದು ಸಾಲು ಬಂದಿಲ್ಲ" ಎಂದರು. ಉತ್ತರವಿಲ್ಲದೆ ನಾವು ಆ ಮಾತನ್ನೂ ಇಲ್ಲಿ ಸೇರಿಸಿದ್ದೇವೆ. ಇಬ್ಬರು ಗಂಡಸರು, ಕೂಟದಲ್ಲಿ ಪ್ರಾರ್ಥನೆ ಕಡಿಮೆಯಾಯಿತು, ಇದು ಸಭೆಯೋ ಸೊಸಾಯಿಟಿ ಆಫೀಸೋ ಎಂದು ಬೇಸರಪಟ್ಟು ಬರುವುದನ್ನು ಬಿಟ್ಟಿದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಪಾಲಕರೊಡನೆ ಆ ಚರ್ಚೆ ಇನ್ನೂ ಮುಗಿದಿಲ್ಲ. ನಮಗೆ ವರ್ಗಾವಣೆಯ ಸಮಯವೂ ಹತ್ತಿರ ಬಂದಿರುವುದರಿಂದ ನೋಟುಬುಕ್ಕನ್ನು ತೊಟ್ಟಿ ಉಜ್ಜಿದ ಬೀದರದ ತರುಣನಿಗೆ ಒಪ್ಪಿಸಿದ್ದೇವೆ. ಅಕ್ಷರ ನಮ್ಮದಕ್ಕಿಂತ ದುಂಡಗಿದೆ. ಕಳೆದ ಗುರುವಾರದ ಹಾಜರಿ ಹದಿನೇಳು.

ಚಿಂಚವಡದಿಂದ ಲೋಣಾವಳಾದವರೆಗೆ ಇರುವ ಸಂಘದ ಸದಸ್ಯರಲ್ಲಿ ಯಾರಿಗಾದರೂ, ಅವರು ಯಾವ ಮತದವರೇ ಆಗಿರಲಿ, ನವೆಂಬರಿನಲ್ಲಿ ಬೆರಳು ಹತ್ತದಿದ್ದರೆ ಗುರುವಾರ ಸಂಜೆ ತಳೇಗಾಂವಕ್ಕೆ ಬರಬೇಕು. ಆಧಾರ್ ಕಾರ್ಡು, ಪಿಂಚಣಿ ಆದೇಶದ ನಂಬರು, ಬ್ಯಾಂಕಿನ ಪಾಸ್‌ಬುಕ್ ಮರೆಯದೆ ತರಬೇಕು. ಚಹಾ ನಮ್ಮದು.