ಡಾಕ್ಟರ್, ಡಾಕರ್ ಮತ್ತು 5 ಎಂಬಿಯ ಮೋಹ

ಇಮೇಜ್ ಎಂದರೆ ವೃತ್ತಿಯಲ್ಲಿ ನಾನು ಕಂಡದ್ದು ಎಕ್ಸ್‌ರೇ, ಸ್ಕ್ಯಾನ್. ಕಂಪ್ಯೂಟರಿನಲ್ಲೂ ಇಮೇಜ್ ಇರುತ್ತದೆ, ಅದಕ್ಕೆ ತೂಕವೂ ಇರುತ್ತದೆ ಎಂದು ತಿಳಿದದ್ದು 2019ರಲ್ಲಿ, ನಮ್ಮ ಕನ್ನಡ ಕೂಟದ ಆರೋಗ್ಯ ಶಿಬಿರದ ಹಿಂದಿನ ರಾತ್ರಿ.

ಅದಕ್ಕೂ ಮುಂಚೆ ನಡೆದದ್ದನ್ನು ಹೇಳಬೇಕು. 2018ರ ಶಿಬಿರದಲ್ಲಿ ಎಲ್ಲವನ್ನೂ ಹಾಳೆಯ ಮೇಲೆ ಬರೆದಿದ್ದೆವು. ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರ ಶುಗರ್ 340. ಆ ಹಾಳೆ ಊಟದ ಕೂಪನ್ನುಗಳ ಜೊತೆ ಸೇರಿಹೋಗಿ ನನ್ನ ಮೇಜಿಗೆ ಬರಲೇ ಇಲ್ಲ. ನಾನು ಅವರಿಗೆ ಫೋನ್ ಮಾಡಿದ್ದು ಮೂರು ವಾರದ ಮೇಲೆ. "ಪರವಾಗಿಲ್ಲ ಡಾಕ್ಟ್ರೇ, ನಿಮಗೂ ನೂರೆಂಟು ಕೆಲಸ" ಎಂದರು. ಬೈದಿದ್ದರೆ ವಾಸಿಯಿತ್ತು.

ಹಟ ಹಿಡಿದು ಪೈಥಾನ್ ಕಲಿತೆ. ಶುಗರ್, ಬಿಪಿ ಮಿತಿ ಮೀರಿದರೆ ಆ ಸಾಲು ಕೆಂಪಾಗಿ ಕಾಣುವ ಪುಟ್ಟ ಪ್ರೋಗ್ರಾಂ ಬರೆದೆ. ಆದರೆ ಮೂರು ಮೇಜಿಗೆ ಮೂರು ಥರದ ಲ್ಯಾಪ್‌ಟಾಪು. ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡದು. "ಡಾಕರ್‌ನಲ್ಲಿ ಹಾಕಿ ಅಪ್ಪ" ಎಂದಳು ಮಗಳು. ಡಾಕ್ಟರಿಗೂ ಡಾಕರಿಗೂ ಒಂದು ಒತ್ತಕ್ಷರದ ವ್ಯತ್ಯಾಸ ತಾನೇ ಎಂದು ಧೈರ್ಯ ಮಾಡಿದೆ.

ಪ್ರೋಗ್ರಾಂ, ಅದಕ್ಕೆ ಬೇಕಾದ ಲೈಬ್ರರಿ ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಡುವ ಬುತ್ತಿ ಈ ಕಂಟೇನರ್. ತಳದಲ್ಲಿರುವ ಪುಟ್ಟ ಲಿನಕ್ಸೇ ಬೇಸ್ ಇಮೇಜ್. ಪೈಥಾನ್‌ನ ಪೂರ್ತಿ ಇಮೇಜ್ 1 ಜಿಬಿ ಹತ್ತಿರ. ನಮ್ಮ ಹಾಲಿನ ವೈಫೈ ಅದನ್ನು ಎಳೆಯುವ ಹೊತ್ತಿಗೆ ಶಿಬಿರವೇ ಮುಗಿದಿರುತ್ತಿತ್ತು. ಆಲ್ಪೈನ್ ಎಂಬ ಲಿನಕ್ಸ್ ಮಾತ್ರ ಬರೀ 5 ಎಂಬಿ! 23 ಕೇಜಿ ಸೂಟ್‌ಕೇಸನ್ನು ಮೂರು ಮೂರು ಸಲ ತೂಗುವ ನಮ್ಮಂಥವರು ಇಂಥದ್ದನ್ನು ಬಿಡುತ್ತೇವೆಯೇ?

ರಾತ್ರಿ 9ಕ್ಕೆ ಕೂತೆ. ಪಾಂಡಾಸ್ ಎಂಬ ಲೈಬ್ರರಿ ಹಾಕಹೊರಟರೆ ಕಂಪೈಲರ್ ಇಲ್ಲವೆಂದು ತಗಾದೆ. ಅದನ್ನೂ ಹಾಕಿದೆ. ಪರದೆ ತುಂಬ ಅಕ್ಷರಗಳು ಓಡಿದವು, ಓಡುತ್ತಲೇ ಇದ್ದವು. 11ಕ್ಕೆ ಮಗಳಿಗೆ ಫೋನ್.

"ಅಯ್ಯೋ, ಆಲ್ಪೈನ್ ಯಾಕೆ ತಗೊಂಡ್ರಿ?"

"ಸಣ್ಣಗಿತ್ತಲ್ಲಮ್ಮ!"

ಅವಳು ಬಿಡಿಸಿ ಹೇಳಿದಳು. ಡೆಬಿಯನ್, ಉಬುಂಟುಗಳ ಬುಡದಲ್ಲಿರುವ ಸಿ ಲೈಬ್ರರಿ ಜಿಲಿಬ್‌ಸಿ, ಆಲ್ಪೈನ್‌ನದು ಮಸಲ್. ಆಗ ಲಿನಕ್ಸಿಗೆ ಪಾಂಡಾಸ್ ಸಿದ್ಧರೂಪದಲ್ಲಿ ಸಿಗುತ್ತಿದ್ದದ್ದು ಜಿಲಿಬ್‌ಸಿಗೆ ಹೊಂದುವಂಥದ್ದು ಮಾತ್ರ. ಹಾಗಾಗಿ ನನ್ನ ಲ್ಯಾಪ್‌ಟಾಪು ಅದನ್ನು ಮೂಲ ಕೋಡಿನಿಂದ ಕಟ್ಟುತ್ತಾ ಏದುಸಿರು ಬಿಡುತ್ತಿತ್ತು. ರಕ್ತದ ಗುಂಪು ಕೇಳದೆ ತೂಕ ನೋಡಿ ದಾನಿಯನ್ನು ಆರಿಸಿದಂತಾಗಿತ್ತು ನನ್ನ ಕಥೆ. ಎಂಡಿ ಮಾಡಿದವನು ಬೇರೆ! ಸಾಲದ್ದಕ್ಕೆ ಕಂಪೈಲರ್ ಬಳಗವೆಲ್ಲ ಒಳಸೇರಿ ಇಮೇಜ್ ಊದಿಕೊಂಡಿತ್ತು.

ಮೊದಲ ಸಾಲೊಂದನ್ನು ಬದಲಿಸಿ, ಡೆಬಿಯನ್ ಆಧಾರದ ಪೈಥಾನ್ 'ಸ್ಲಿಮ್' ಹಾಕಲು ಹೇಳಿದಳು. ಆಲ್ಪೈನ್‌ಗಿಂತ ಭಾರವೇ, ಆದರೆ ಎರಡು ನಿಮಿಷದಲ್ಲಿ ಪಾಂಡಾಸ್ ಕೂತಿತು. (2021ರಲ್ಲಿ ಮಸಲ್‌ಗೂ ಸಿದ್ಧರೂಪ ಹಂಚುವ ಪದ್ಧತಿ ಬಂತು. ಈಗ ಆಲ್ಪೈನ್‌ನಲ್ಲೂ ಪಾಂಡಾಸ್ ಸಲೀಸು. ಆ ರಾತ್ರಿ ನನಗೆ ಅದು ಒದಗಲಿಲ್ಲ ಅಷ್ಟೆ.)

ಮರುದಿನ ಆ ಹಿರಿಯರೂ ಬಂದಿದ್ದರು. ಶುಗರ್ 142, ಸಾಲು ಕೆಂಪಾಗಲಿಲ್ಲ. ಅಂದು ಮೊದಲು ಕೆಂಪಾದದ್ದು ನನ್ನದೇ ಹೆಸರು: ನಿದ್ದೆಗೆಟ್ಟ ಬಿಪಿ, 164. "ಕೂತ್ಕೊಳಿ ಡಾಕ್ಟ್ರೇ" ಎಂದು ಅವರೇ ಕುರ್ಚಿ ಎಳೆದುಕೊಟ್ಟರು.